ಗಾಲಿ ದೀಪದ ಕಾಕಾ

ಅವರ ಬಲ ಅಂಗೈಯಲ್ಲಿ ಅಡ್ಡಕ್ಕೆ ಒಂದು ಕರಿ ಪಟ್ಟಿ ಇತ್ತು. ಕೈ ನೋಡಿ ಭವಿಷ್ಯ ಹೇಳುವವರ ಗೆರೆಯಲ್ಲ. ಸೈಕಲ್ ಟೈರಿನ ಕಪ್ಪು. ಯಾವ ಸಾಬೂನಿಗೂ ಹೋಗದಷ್ಟು ಒಳಗಿಳಿದಿತ್ತು. ಅದು ಬಂದದ್ದು ಹೀಗೆ: ಕಾಲುವೆ ಏರಿಯ ಮೇಲೆ ಪ್ರತಿ ತೂಬಿನ ಹತ್ತಿರ ಅವರು ಸೈಕಲ್ ನಿಲ್ಲಿಸುತ್ತಿದ್ದರು. ಸೈಕಲ್ ನಿಂತರೆ ಡೈನಮೋ ದೀಪ ಆರುತ್ತದೆ. ಆಗ ಎಡಗೈಯಿಂದ ಹ್ಯಾಂಡಲ್ ಎತ್ತಿ ಹಿಡಿದು, ಬಲ ಅಂಗೈಯಿಂದ ಮುಂದಿನ ಗಾಲಿಯನ್ನು ಬಾರಿಸಿ ಬಾರಿಸಿ ತಿರುಗಿಸುವುದು. ಗಾಲಿ ತಿರುಗಿದಷ್ಟು ಹೊತ್ತು ಬರುವ ಬೆಳಕಿನಲ್ಲಿ ತೂಬು ಮುಚ್ಚಿದೆಯೋ ತೆರೆದಿದೆಯೋ ನೋಡುವುದು. ಜೇಬಿನಲ್ಲಿದ್ದ ಮೊಬೈಲಿನಲ್ಲೇ ಟಾರ್ಚ್ ಇತ್ತು. ಅದನ್ನು ಹೇಗೆ ಹಚ್ಚಬೇಕೆಂದು ನಾನೇ ತೋರಿಸಿಕೊಟ್ಟಿದ್ದೆ. ಹೂಂ ಹೂಂ ಅಂದರು, ಒಂದು ದಿನವೂ ಹಚ್ಚಲಿಲ್ಲ.

ಜವಳಗೇರಾದಲ್ಲಿ ನನ್ನದು ಸೈಕಲ್ ಅಂಗಡಿ. ಅಪ್ಪನ ಕಾಲದ್ದು. ಈಗ ಹೆಸರಿಗಷ್ಟೇ ಸೈಕಲ್ ಅಂಗಡಿ. ಬರುವುದೆಲ್ಲ ಮೋಟಾರ್ ಸೈಕಲ್ಲಿನ ಪಂಚರು, ಶಾಲೆ ಮಕ್ಕಳ ಸೈಕಲ್ಲಿನ ಕಳಚಿದ ಚೈನು. ಡೈನಮೋ ಅಂದರೆ ಏನು ಎಂದು ಕೇಳುವ ಪ್ರಾಯದ ಹುಡುಗರಿದ್ದಾರೆ. ನನ್ನ ಗಿರಾಕಿಗಳಲ್ಲಿ ಡೈನಮೋ ಹಾಕಿದ ಸೈಕಲ್ ಇದ್ದದ್ದು ಅವರೊಬ್ಬರದೇ, ಮತ್ತು ಅವರಷ್ಟು ನನ್ನ ತಲೆ ತಿಂದ ಗಿರಾಕಿ ಇನ್ನೊಬ್ಬರಿಲ್ಲ. ಅವರು ಕಾಲುವೆಯ ನೀರು ಕಾಯುವ ಗ್ಯಾಂಗ್‌ಮನ್. ಊರವರಿಗೆಲ್ಲ ಗ್ಯಾಂಗ್‌ಮನ್ ಕಾಕಾ. ನನಗೆ ಬರೀ ಕಾಕಾ.

ನಮ್ಮ ಕಡೆಯ ಉಪಕಾಲುವೆಗಳ ಗೋಳು ಗೊತ್ತಿಲ್ಲದವರಿಗೆ ಇಲ್ಲಿ ಎರಡು ಮಾತು ಹೇಳಬೇಕು. ನೀರು ಪಾಳಿಯ ಮೇಲೆ ಬರುತ್ತದೆ. ಕೆಳಭಾಗದವರ ಪಾಳಿ ಇದ್ದಾಗ ಮೇಲ್ಭಾಗದ ತೂಬುಗಳು ಮುಚ್ಚಿರಬೇಕು. ಹೊತ್ತು ಮುಳುಗಿದ್ದೇ ತಡ, ಮೇಲಿನವರು ಒಂದೊಂದಾಗಿ ಎತ್ತತೊಡಗುತ್ತಾರೆ. ಅವರೇನು ರಾಕ್ಷಸರಲ್ಲ. ಮನೆ ಮುಂದೆಯೇ ಹರಿದು ಹೋಗುವ ನೀರನ್ನು ನೋಡುತ್ತ ಕೈಕಟ್ಟಿ ಕೂರುವುದು ಯಾರಿಗೂ ಸುಲಭವಲ್ಲ. ಆದರೆ ಅವರು ಎತ್ತಿದರೆ ಕೆಳಗಿನವರಿಗೆ ಬೆಳಗಾಗುವಷ್ಟರಲ್ಲಿ ಕಾಲುವೆಯ ತಳದ ರಾಡಿ ಮಾತ್ರ ಸಿಗುತ್ತದೆ. ನಮ್ಮದೂ ಎರಡೆಕರೆ ಗದ್ದೆ ಅದೇ ಕೆಳಭಾಗದ ಕೊನೆಯಲ್ಲಿದೆ; ಅಣ್ಣ ನೋಡಿಕೊಳ್ಳುತ್ತಾನೆ. ಗ್ಯಾಂಗ್‌ಮನ್ ಏರಿಯ ಮೇಲೆ ಓಡಾಡುತ್ತಿದ್ದರೆ ತೂಬು ಮುಚ್ಚಿರುತ್ತವೆ, ಅವನು ಮನೆಗೆ ಹೋದರೆ ತೆರೆಯುತ್ತವೆ. ಕಾಕಾ ಓಡಾಡುತ್ತಿದ್ದರು. ಕೆಳಗಿನವರು ತಮ್ಮ ಬದುವಿನ ಮೇಲೆ ಕೂತು, ಬೀಡಿ ಸೇದುತ್ತ, ದೂರದ ಏರಿಯ ಮೇಲೆ ಹೋಗಿ ಬರುವ ಆ ಹಳದಿ ಬೆಳಕನ್ನು ನೋಡುತ್ತಿದ್ದರು. ಅದು ಚಲಿಸುತ್ತಿದ್ದರೆ ನೀರು ಬರುತ್ತದೆ ಎಂದು ಅರ್ಥ. ಆಮೇಲೆ ಹೊದ್ದು ಮಲಗುತ್ತಿದ್ದರು.

ಕಾಕಾ ಮೂಲತಃ ಈ ಸೀಮೆಯವರಲ್ಲ. ಸಂತೆಕಲ್ಲೂರಿನ ಕಡೆಯ ಒಣಬೇಸಾಯದ ಮನೆ. ಜೋಳ, ತೊಗರಿ ಬೆಳೆದು ಬೆಳೆದವರು. ಇಷ್ಟು ಜನರ ಭತ್ತಕ್ಕೆ ನೀರು ಕಾಯ್ದರೂ ತಾವು ಅನ್ನ ಉಣ್ಣುತ್ತಿದ್ದದ್ದು ಜ್ವರ ಬಂದಾಗ ಮಾತ್ರ. ಬಿಳಿ ಜೋಳದ ರೊಟ್ಟಿ, ಕರಿಂಡಿ ಚಟ್ನಿ, ಒಂದು ಉಳ್ಳಾಗಡ್ಡಿ ಇವನ್ನು ಟವೆಲಿನಲ್ಲಿ ಗಂಟು ಕಟ್ಟಿ ಹ್ಯಾಂಡಲ್ಲಿಗೆ ಸಿಕ್ಕಿಸಿಕೊಂಡು ಸಂಜೆ ನನ್ನ ಅಂಗಡಿ ಮುಂದೆ ಹಾಯುತ್ತಿದ್ದರು. ಹಣೆಯಲ್ಲಿ ವಿಭೂತಿ, ಮೈಮೇಲೆ ಗುಂಡಿಗೊಂದು ಬಣ್ಣದ ಖಾಕಿ ಅಂಗಿ. ಡೈನಮೋವನ್ನು ಟೈರಿಗೆ ಒತ್ತಿ, ಎರಡು ತುಳಿತ ತುಳಿದು, ದೀಪ ಹತ್ತಿದ ಕೂಡಲೇ ಮನೆಯಲ್ಲಿ ದೀಪ ಹಚ್ಚಿದಾಗ ಮಾಡುವ ಹಾಗೆ ಅದಕ್ಕೆ ಕೈ ಮುಗಿಯಬೇಕು. ಸೈಕಲ್ ಹೊಡೆಯುತ್ತಲೇ ಎರಡೂ ಕೈ ಬಿಟ್ಟು. ದಿನಾ ಸಂಜೆ ನನ್ನ ಅಂಗಡಿ ಮುಂದಿನ ರಸ್ತೆಯಲ್ಲಿ ಅವರ ಸೈಕಲ್ ಒಮ್ಮೆ ಹಾವಿನಂತೆ ಹೊರಳಿ ಮತ್ತೆ ನೆಟ್ಟಗಾಗುತ್ತಿತ್ತು, ಹಿಂದಿನಿಂದ ಬರುವ ಟ್ರ್ಯಾಕ್ಟರಿನವನು ಬೈಯುತ್ತಿದ್ದ. ಒಂದು ಕೈಯಿಂದ ಮುಗಿಯಿರಿ ಕಾಕಾ, ಶಿವ ಏನೂ ಅನ್ನುವುದಿಲ್ಲ ಎಂದು ನಾನು ಹೇಳುತ್ತಿದ್ದೆ. ಅವರಿಗೆ ಅದು ಕೇಳಿಸುತ್ತಲೇ ಇರಲಿಲ್ಲ.

ಬ್ಯಾಟರಿ ದೀಪ ಯಾಕೆ ಬೇಡವೆಂದರೆ, ಅದಕ್ಕೊಂದು ಹಳೆಯ ಕಾರಣವಿತ್ತು. ಪಕ್ಕದ ಕಾಲುವೆಯಲ್ಲಿ ಇನ್ನೊಬ್ಬ ಗ್ಯಾಂಗ್‌ಮನ್ ಇದ್ದ. ಅವನು ಒಂದು ಹಂಗಾಮಿನಲ್ಲಿ ಬ್ಯಾಟರಿ ಲಾಟೀನು ತಂದ. ಅಡ್ಡಾಡಿ ಸಾಕಾಗಿ ಒಂದು ಸಂಜೆ ಅದನ್ನು ತಿರುವಿನಲ್ಲಿದ್ದ ಜಾಲಿ ಗಿಡದ ಟೊಂಗೆಗೆ ತೂಗುಹಾಕಿ ಮನೆಗೆ ಹೋಗಿ ಮಲಗಿದ. ಗಾಳಿಗೆ ಟೊಂಗೆ ಆಡುತ್ತಿತ್ತು, ಟೊಂಗೆಯ ಜೊತೆ ಲಾಟೀನೂ ಆಡುತ್ತಿತ್ತು. ಕೆಳಗಿನವರು ನೋಡಿ, ಪಾಪ ಎಷ್ಟು ದುಡಿಯುತ್ತಾನೆ ಅಂದುಕೊಂಡು ನಿದ್ದೆ ಮಾಡಿದರು. ಹತ್ತಿರದಿಂದ ನೋಡಿದ ಮೇಲಿನವರಿಗೆ ಕೂಡಲೇ ಗೊತ್ತಾಯಿತು. ಇದು ಹಲವು ದಿನ ನಡೆಯಿತು. ಕೆಳಗಿನ ಗದ್ದೆಗಳು ತೆನೆಯ ಹೊಡೆ ಹೊರಡುವ ಹೊತ್ತಿಗೆ ಒಣಗಿ ಬಾಯಿಬಿಟ್ಟವು. ಆಮೇಲೆ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂಡಿ ಎರಡೂ ಕಾಲುವೆಗಳ ಕೆಳಗಿನವರೆಲ್ಲ ಒಂದು ಮಾತು ತೀರ್ಮಾನಿಸಿದರು: ಇನ್ನು ಬ್ಯಾಟರಿ ದೀಪವನ್ನು ನಂಬುವುದಿಲ್ಲ. ಗಾಲಿ ದೀಪವನ್ನು ಮಾತ್ರ ನಂಬುವುದು. ನನ್ನ ಅಣ್ಣನೇ ಅದರಲ್ಲಿ ಮುಂದು.

“ಬ್ಯಾಟರಿಗೆ ಮನಷ್ಯಾ ಬೇಕಾಗಿಲ್ಲ, ಗಿಡಕ್ಕ ಕಟ್ಟಿದ್ರೂ ಉರೀತೈತಿ” ಎಂದು ಅವನು ವಾದಿಸಿದ್ದ. “ಗಾಲಿ ದೀಪ ಆದ್ರ ಕಾಲು ತುಳದಾಗಷ್ಟ ಉರೀತೈತಿ. ನಮಗ ಅದ ಬೇಕು.”

ಕಾಕಾನಿಗೆ ಈ ಮಾತು ಎಷ್ಟು ಹಿಡಿಸಿತೆಂದರೆ ಅದನ್ನು ಒಂದು ನೇಮದ ಹಾಗೆ ಇಟ್ಟುಕೊಂಡರು. ಮೆರೆಸಿದರು ಅಂದರೂ ತಪ್ಪಿಲ್ಲ. ಚಹಾದಂಗಡಿಯಲ್ಲಿ ಕಪ್ಪಿನದನ್ನು ಬಸಿಗೆ ಸುರುವಿಕೊಂಡು ಕುಡಿಯುತ್ತ, ನನ್ನದು ತುಳಿದರೆ ಉರಿಯುವ ದೀಪ, ಇಟ್ಟರೆ ಉರಿಯುವುದಲ್ಲ ಎಂದು ಕೇಳದವರಿಗೂ ಹೇಳುತ್ತಿದ್ದರು. ಆ ಜಂಬದ ಭಾರ ಮಾತ್ರ ಬೀಳುತ್ತಿದ್ದದ್ದು ನನ್ನ ಮೇಲೆ.

ಯಾಕೆಂದರೆ ಡೈನಮೋ ಮಾಡಿದ್ದು ಡಾಂಬರು ರಸ್ತೆಗೆ. ಏರಿಗೆ ಅಲ್ಲ. ನಮ್ಮ ಏರಿಯ ಮೇಲೆ ಗದ್ದೆಯ ಕೆಸರು ಕಲಸಲು ರೊಳ್ಳಿ ಹೊಡೆಯುವ ಟ್ರ್ಯಾಕ್ಟರುಗಳು ಕಬ್ಬಿಣದ ಗಾಲಿ ಬಿಚ್ಚದೆಯೇ ಓಡಾಡುತ್ತವೆ; ಮಣ್ಣು ಕತ್ತರಿಸಿ ಕತ್ತರಿಸಿ ಮೊಣಕಾಲುದ್ದದ ಕೊರಕಲು ಬಿದ್ದಿರುತ್ತದೆ. ಕುಲುಕಾಟಕ್ಕೆ ಡೈನಮೋದ ಹಿಡಿಕೆ ಸಡಿಲಾಗಿ, ಒಮ್ಮೊಮ್ಮೆ ತಿರುಗಿ ಕಡ್ಡಿಗಳ ನಡುವೆ ಸಿಕ್ಕಿಕೊಂಡು ಗಾಲಿಯನ್ನೇ ಹಿಡಿದುಬಿಡುತ್ತಿತ್ತು. ಜಾಲಿ ಮುಳ್ಳಿಗೆ ವೈರು ಹರಿಯುತ್ತಿತ್ತು. ಎರೆಮಣ್ಣು ಟೈರಿಗೆ ಮೆತ್ತಿಕೊಂಡರೆ ಡೈನಮೋದ ತಲೆ ಜಾರುತ್ತಿತ್ತು, ದೀಪ ಮಿಣಮಿಣ ಅನ್ನುತ್ತಿತ್ತು. ಜಾರದಿರಲಿ ಎಂದು ಅವರೇ ಒಂದು ಉಪಾಯ ಕಂಡುಹಿಡಿದರು: ಒಲೆಯ ಬೂದಿಯನ್ನು ಟೈರಿನ ಪಕ್ಕಕ್ಕೆ ತಿಕ್ಕುವುದು. ಒಣಗಿದ್ದಾಗ ಸರಿ. ನೀರು ಹತ್ತಿದ ಕೂಡಲೇ ಅದು ಸುಣ್ಣದ ತಿಳಿಯಂತಾಗಿ ಇನ್ನಷ್ಟು ಜಾರುತ್ತಿತ್ತು. ಹಣೆಗೂ ಬೂದಿ, ಟೈರಿಗೂ ಬೂದಿ, ನನ್ನ ತಲೆಯ ಮೇಲೂ ಒಂದಿಷ್ಟು ಹಾಕಿಬಿಡಿ ಎಂದು ನಾನು ರೇಗಿದರೆ, ನಿನ್ನ ತಲೆ ಆಗಲೇ ಬೆಳ್ಳಗಾಗಿದೆಯಲ್ಲ ಅನ್ನುತ್ತಿದ್ದರು. ಹೇಳಿದ್ದನ್ನು ಕೇಳುತ್ತಿರಲಿಲ್ಲ. ಮಾರನೆಯ ದಿನ ಮತ್ತೆ ಬೂದಿ.

ಬಿಡಿಭಾಗ ಸಿಕ್ಕಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ. ಡೈನಮೋ ಮಾರುವುದನ್ನು ಸಿಂಧನೂರಿನ ಅಂಗಡಿಗಳು ಬಿಟ್ಟು ಎಷ್ಟೋ ಕಾಲವಾಗಿತ್ತು. ಮಸ್ಕಿ ಸಂತೆಯಲ್ಲಿ ಹಳೆ ಕಬ್ಬಿಣ ಹರವಿಕೊಂಡು ಕೂರುವವನ ಹತ್ತಿರ ತುಕ್ಕು ಹಿಡಿದವು ಸಿಗುತ್ತಿದ್ದವು. ಅವನ್ನು ತಂದು, ಬಿಚ್ಚಿ, ಒಂದರ ಹೊಟ್ಟೆಯದನ್ನು ಇನ್ನೊಂದಕ್ಕೆ ಹಾಕಿ ಓಡಿಸಬೇಕು. ಅಷ್ಟು ಮಾಡಿ ಕೊಟ್ಟರೆ ಕಾಕಾ ಗಾಲಿ ತಿರುಗಿಸಿ ನೋಡಿ, ಹಳೆಯದರಷ್ಟು ಬೆಳಕಿಲ್ಲ ಅನ್ನುತ್ತಿದ್ದರು. ಅದೇ ಹಳೆಯದು ಕಾಕಾ, ಒಳಗಿನದೆಲ್ಲ ನಿಮ್ಮದೇ ಅಂದರೂ ನಂಬುತ್ತಿರಲಿಲ್ಲ.

ಆದರೆ ನಿಜವಾದ ತೊಂದರೆ ಇದ್ಯಾವುದೂ ಅಲ್ಲ. ಡೈನಮೋಗೆ ಒಂದು ದರಿದ್ರ ಗುಣವಿದೆ. ದಾರಿ ಚೆನ್ನಾಗಿದ್ದಲ್ಲಿ ಸೈಕಲ್ ಜೋರಾಗಿ ಓಡುತ್ತದೆ, ದೀಪವೂ ಝಗ್ಗೆಂದು ಉರಿಯುತ್ತದೆ, ಅಲ್ಲಿ ಅಷ್ಟು ಬೆಳಕು ಬೇಕಾಗಿರುವುದಿಲ್ಲ. ದಾರಿ ಕೆಟ್ಟಲ್ಲಿ ಮೆಲ್ಲಗೆ ಹೋಗಬೇಕು. ಮೆಲ್ಲಗೆ ಹೋದರೆ ದೀಪ ಕೆಂಪು ದಾರದಂತಾಗುತ್ತದೆ. ಎಲ್ಲಿ ಕಾಣಲೇಬೇಕೋ ಅಲ್ಲೇ ಕುರುಡು. ಏರಿಯ ಮೇಲೆ ಅಂಥ ಒಂದು ಜಾಗವಿತ್ತು. ಎಮ್ಮೆಗಳು ನೀರಿಗಿಳಿದು ಇಳಿದು ಏರಿ ಸವೆದುಹೋಗಿ, ಕಾಲುವೆಯ ಕಡೆಗೆ ವಾಲಿದ ಒಂದು ತಿರುವು. ಹಗಲಲ್ಲೇ ನಾನು ಅಲ್ಲಿ ಇಳಿದು ಸೈಕಲ್ ತಳ್ಳುತ್ತೇನೆ. ಕಾಕಾ ಆ ತಿರುವಿನಲ್ಲಿ ಎಷ್ಟೋ ಸಲ ಬಿದ್ದಿದ್ದರು: ಒಮ್ಮೆ ಮೊಣಕೈ, ಒಮ್ಮೆ ಹಲ್ಲು. ಅರವತ್ತು ದಾಟಿದ ಮೈ. ಒಂದಲ್ಲ ಒಂದು ದಿನ ಅಲ್ಲಿ ಎಲುಬು ಮುರಿದುಕೊಳ್ಳುತ್ತಾರೆ, ಇಲ್ಲವೇ ನೀರಿಗೆ ಹೋಗುತ್ತಾರೆ ಎಂಬ ಹೆದರಿಕೆ ನನಗೆ ಯಾವಾಗಲೂ ಇತ್ತು. ಪಾಳಿ ಇದ್ದ ದಿನ ಬೆಳಿಗ್ಗೆ ಅವರ ಸೈಕಲ್ ಗಂಟೆ ಕೇಳಿಸುವವರೆಗೂ ನಾನು ಚಹಾ ಕುಡಿಯುತ್ತಿರಲಿಲ್ಲ. ಇದನ್ನು ಅವರಿಗೆ ಹೇಳಿರಲಿಲ್ಲ, ಹೇಳಿದ್ದರೆ ನಗುತ್ತಿದ್ದರು.

ಸಿಂಧನೂರಿನಿಂದ ತಲೆಗೆ ಕಟ್ಟಿಕೊಳ್ಳುವ ಒಂದು ಬ್ಯಾಟರಿ ದೀಪ ತಂದುಕೊಟ್ಟೆ. ದೂರದವರಿಗೆ ಡೈನಮೋ ಕಾಣಲಿ, ನಿಮ್ಮ ಕಾಲಕೆಳಗೆ ಇದು ಕಾಣಿಸಲಿ ಎಂದು ಕೈ ಹಿಡಿದು ಬೇಡಿದೆ. ಒಂದು ಸಂಜೆ ಕಟ್ಟಿಕೊಂಡು ಹೋದರು. ಮಾರನೆಯ ದಿನವೇ ಕಟ್ಟೆಯ ಮೇಲೆ ಗಲಾಟೆ. ಏರಿಯ ಮೇಲೆ ಬೆಳ್ಳನೆ ದೀಪ ಕಂಡಿತು, ಕಾಕಾನೂ ಬ್ಯಾಟರಿ ಹಿಡಿದ ಎಂದು ಅಣ್ಣ ಮನೆಗೆ ಬಂದು ನನ್ನನ್ನೇ ತರಾಟೆಗೆ ತೆಗೆದುಕೊಂಡ. ಅವರ ತಲೆಗೆ ಕಟ್ಟಿದ್ದು, ಗಿಡಕ್ಕಲ್ಲ ಎಂದು ನಾನು ಹೇಳುತ್ತಿದ್ದೆ; ತಲೆಯನ್ನು ಮನೆಯಲ್ಲಿಟ್ಟು ದೀಪವನ್ನು ಗಿಡಕ್ಕೆ ಕಟ್ಟುವುದು ಎಷ್ಟು ಹೊತ್ತಿನ ಕೆಲಸ ಎಂದು ಅವನು ಹೇಳುತ್ತಿದ್ದ.  ಕಾಕಾ ಆ ದೀಪವನ್ನು ಟವೆಲಿನಲ್ಲಿ ಸುತ್ತಿ ತಂದು ನನ್ನ ಗಲ್ಲಾಪೆಟ್ಟಿಗೆಯ ಮೇಲಿಟ್ಟು ಹೋದರು. 

ಆಗ ನನಗೆ ಛಲ ಬಂತು. ಬೇರೆ ದೇಶಗಳಲ್ಲಿ ಕಾಡು, ಗುಡ್ಡ, ಕಲ್ಲುದಾರಿಯಲ್ಲೂ ಡೈನಮೋ ದೀಪದಲ್ಲೇ ಸೈಕಲ್ ಹೊಡೆಯುವವರಿದ್ದಾರೆ ಎಂದು ಮೊಬೈಲಿನಲ್ಲಿ ನೋಡಿದೆ. ಅವರದು ಗಾಲಿಯ ನಡುವಿನ ಹಬ್‌ನಲ್ಲೇ ಕೂತಿರುತ್ತದೆ. ಜಾರುವುದಿಲ್ಲ, ಮುಳ್ಳಿಗೆ ಸಿಗುವುದಿಲ್ಲ. ಅದು ನಮ್ಮ ಕೈಗೆಟುಕುವ ಸಾಮಾನಲ್ಲ. ಆದರೆ ಅವರ ದೀಪದೊಳಗೆ ಇನ್ನೊಂದು ಸಣ್ಣ ಉಪಾಯವಿತ್ತು. ಗಾಲಿ ತಿರುಗುವಾಗಲೇ ಒಂದಿಷ್ಟು ಕರೆಂಟು ಹಿಡಿದಿಟ್ಟುಕೊಂಡು, ಗಾಲಿ ನಿಂತ ಮೇಲೂ ಕೆಲವು ನಿಮಿಷ ದೀಪ ಉರಿಸುವ ಒಂದು ಕೆಪ್ಯಾಸಿಟರ್. ಇದು ಬ್ಯಾಟರಿಯಲ್ಲ. ತುಂಬುವುದು ತುಳಿತದಿಂದಲೇ. ನಾನು ಸಾಮಾನು ತರಿಸಿ, ಹಲ್ಲುಪುಡಿಯ ಡಬ್ಬಿಯೊಳಗೆ ಎಲ್ಲವನ್ನೂ ಕೂರಿಸಿ, ಎಲ್‌ಇಡಿ ಹಾಕಿ, ಮೇಣ ಸುರಿದು ಮುಚ್ಚಿದೆ. ನಮ್ಮ ಅಂಗಡಿಯ ಮುಂದೆ ಗಾಲಿ ತಿರುಗಿಸಿ ನಿಲ್ಲಿಸಿದರೆ ದೀಪ ಉರಿಯುತ್ತಲೇ ಇತ್ತು. ತಿರುವಿನಲ್ಲಿ ಇಳಿದು ತಳ್ಳುವಾಗಲೂ ಬೆಳಕು ಇರುತ್ತದೆ, ತೂಬಿನ ಮುಂದೆ ಗಾಲಿ ಬಾರಿಸುವುದೂ ತಪ್ಪುತ್ತದೆ. ನನ್ನ ಕೈಯಿಂದ ಅದಕ್ಕಿಂತ ಒಳ್ಳೆಯ ಕೆಲಸ ಆಗಿಲ್ಲ, ಇಂದಿಗೂ ಆ ಮಾತು ಹೇಳುತ್ತೇನೆ.

ಅವರು ಅದನ್ನು ಒಂದೇ ಸಂಜೆ ಉಪಯೋಗಿಸಿದರು. ಮರುದಿನ ಬಂದು ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿ, ಆ ಡಬ್ಬಿಯನ್ನು ಬೆರಳಿನಿಂದ ತಟ್ಟಿದರು.

“ತಿರುವಿನಾಗ ದಣಿವಾಗಿ ಒಂದೀಟು ಕುಂತಿದ್ದೆ. ನಾ ಕುಂತಿದ್ದೆ, ಇದು ಉರಿಯಾಕತ್ತಿತ್ತು. ದೂರದಿಂದ ನೋಡಿದವ್ರು ಏನಂತಾರ? ಕಾಕಾ ಅಡ್ಡಾಡಾಕತ್ತಾನ ಅಂತಾರ. ಇದು ಸುಳ್ಳು ಹೇಳೋ ದೀಪ ಆತು ತಮ್ಮಾ. ತಗದ್ಹಾಕು.”

ನಿಂತ ದೀಪಕ್ಕೂ ಓಡುವ ದೀಪಕ್ಕೂ ದೂರದಿಂದಲೂ ವ್ಯತ್ಯಾಸ ಕಾಣುತ್ತದೆ, ನಿಂತರೆ ನಿಂತಿದೆ ಎಂದೇ ಗೊತ್ತಾಗುತ್ತದೆ ಎಂದು ನಾನು ಗಂಟಲು ಹರಿದುಕೊಂಡೆ. ಕೆಲವೇ ನಿಮಿಷ ಕಾಕಾ, ಅಷ್ಟರಲ್ಲಿ ಯಾರ ಗದ್ದೆಯೂ ಒಣಗುವುದಿಲ್ಲ ಎಂದೆ. ನೀವು ಸತ್ತರೆ ನೀರು ಯಾರು ಬಿಡುತ್ತಾರೆ ಎಂದೂ ಅಂದೆ. ಅವರು ಗಾಲಿಯನ್ನೇ ನೋಡುತ್ತ ನಿಂತಿದ್ದರು. ಕೊನೆಗೆ ನಾನು ಪಕ್ಕಡ್ ತೆಗೆದುಕೊಂಡು ವೈರು ಕತ್ತರಿಸಿ, ಡಬ್ಬಿಯನ್ನು ಸಾಮಾನಿನ ರಾಶಿಗೆ ಎಸೆದೆ. ಹಳೆಯ ಬಲ್ಬನ್ನೇ ಹಾಕಿ ಕೊಟ್ಟೆ. ಅವರಿಗೆ ಸಮಾಧಾನವಾಯಿತು. ಆ ಸಮಾಧಾನ ನೋಡಿ ನನಗೆ ಇನ್ನಷ್ಟು ಮೈ ಉರಿಯಿತು. ಎಂಥ ಮನುಷ್ಯ ಇವರು ಎಂದು ರಾತ್ರಿ ಊಟಕ್ಕೆ ಕೂತಾಗಲೂ ಗೊಣಗುತ್ತಿದ್ದೆನಂತೆ.

ಎರಡನೇ ಬೆಳೆಯ ಕೊನೆಯ ಪಾಳಿ ಬಂತು. ಭತ್ತ ಹಾಲುಗಟ್ಟುವ ಸಮಯ. ಅದೇ ವಾರ ಲಿಂಗಸುಗೂರಿನಲ್ಲಿ ಹಳೆಯ ಸೈಕಲ್ ಅಂಗಡಿಯವರೊಬ್ಬರು ವ್ಯಾಪಾರ ಮುಚ್ಚುತ್ತಿದ್ದಾರೆ, ಅಟ್ಟದ ಮೇಲೆ ಡಬ್ಬಿ ಬಿಚ್ಚದ ಡೈನಮೋ ಇವೆ ಎಂದು ಕೇಳಿ ನಾನು ಅಲ್ಲಿಗೆ ಹೋದೆ. ನಿಜವಾಗಿಯೂ ಇದ್ದವು. ಒಂದರ ಧೂಳು ಒರೆಸಿ ಬೆರಳಿನಿಂದ ತಿರುಗಿಸಿದರೆ ಗಟ್ಟಿಯಾಗಿ ಹಿಡಿದು ತಿರುಗಿತು. ಕಾಕಾನಿಗೆ ಇದಕ್ಕೂ ಏನಾದರೂ ಕೊಂಕು ಸಿಗುತ್ತದೆ ಎಂದುಕೊಂಡೇ ಕೊಂಡೆ. ಹೊತ್ತಾಗಿದ್ದರಿಂದ ಮಸ್ಕಿಯಲ್ಲಿ ಅಕ್ಕನ ಮನೆಯಲ್ಲಿ ಉಳಿದೆ. ಬೆಳಿಗ್ಗೆ ಬಸ್ಸಿನಲ್ಲಿ ಸಿಂಧನೂರು ತಲುಪುವಷ್ಟರಲ್ಲಿ ಅಣ್ಣನ ಫೋನು ಬಂತು. ಕಾಕಾ ತಿರುವಿನಲ್ಲಿ ಬಿದ್ದಿದ್ದಾರೆ, ಸಿಂಧನೂರಿನ ಆಸ್ಪತ್ರೆಗೇ ತಂದಿದ್ದೇವೆ, ಅಲ್ಲೇ ಇಳಿ ಅಂದ.

ಆಸ್ಪತ್ರೆಯ ಹೊರಗೆ ಬೇವಿನ ಗಿಡದ ಕೆಳಗೆ ಅಣ್ಣ ಮತ್ತು ಕೆಳಭಾಗದ ನಾಲ್ಕಾರು ಜನ ಕೂತಿದ್ದರು. ಬೆಳಿಗ್ಗೆ ಎಮ್ಮೆ ಹೊಡೆದುಕೊಂಡು ಹೋದ ಹೆಂಗಸೊಬ್ಬಳು ನೋಡಿದಳಂತೆ. ಕಾಕಾ ಏರಿಯ ಇಳಿಜಾರಿನಲ್ಲಿ ಬಿದ್ದಿದ್ದರು, ಸೊಂಟದಿಂದ ಕೆಳಗೆ ನೀರಿನಲ್ಲಿ, ಕೈಗಳು ಹುಲ್ಲನ್ನು ಹಿಡಿದುಕೊಂಡು. ಸೊಂಟದ ಎಲುಬು ಮುರಿದಿತ್ತು. ಬಿದ್ದದ್ದು ಹಿಂದಿನ ದಿನ ದೀಪ ಹಚ್ಚಿದ ಸ್ವಲ್ಪ ಹೊತ್ತಿಗೇ. ಮನೆಯಲ್ಲಿ ಅವರ ಹೆಂಡತಿ ಕಾಕಿಗೆ ಸಂಶಯ ಬರಲಿಲ್ಲ, ಪಾಳಿಯ ದಿನ ಅವರು ಬರುವುದೇ ಬೆಳಿಗ್ಗೆ. ಆದರೆ ಕೆಳಗಿನವರು? ಬದುವಿನ ಮೇಲೆ ಕೂತು ಆ ದೀಪವನ್ನೇ ನೋಡುತ್ತಿದ್ದ ಅಷ್ಟೊಂದು ಕಣ್ಣುಗಳು?

ಕೇಳಿದೆ. ಅಣ್ಣ ನೆಲ ನೋಡುತ್ತ ಹೇಳಿದ.

“ದೀಪ ತಿರುವಿನಾಗ ಆರಿತು. ಭಾಳ ಹೊತ್ತು ನೋಡಿದ್ವಿ, ಹತ್ತಲಿಲ್ಲ. ಫೋನ್ ಹಚ್ಚಿದ್ವಿ, ಸ್ವಿಚ್ ಆಫ್ ಬಂತು. ಕಾಕಾ ಮ್ಯಾಗಿನವ್ರ ಜೋಡಿ ಕೂಡಿದ ಅಂತ ತಿಳಕೊಂಡ್ವಿ.”

ಫೋನು ಅವರ ಜೇಬಿನಲ್ಲೇ ನೀರು ಕುಡಿದು ಸತ್ತಿತ್ತು. ಇವರು ಅದನ್ನು ಮೋಸಕ್ಕೆ ಸಾಕ್ಷಿ ಎಂದು ಹಿಡಿದಿದ್ದರು. ಬದುವಿನ ಮೇಲೆ ಕೂತು ಇಷ್ಟು ವರ್ಷದ ಮನುಷ್ಯನೂ ಕೊನೆಗೆ ಮಾರಿಕೊಂಡನಲ್ಲ ಎಂದು ಅವರನ್ನು ಬಾಯಿಗೆ ಬಂದಂತೆ ಬೈದು, ಎದ್ದು ಹೋಗಿ ಮಲಗಿದ್ದರು. ದೀಪ ಆರಿದ್ದನ್ನು ಕಂಡ ಮೇಲಿನವರು ಖುಷಿಯಿಂದ ತೂಬು ಎತ್ತಿದ್ದರು. ಅವರಿಗೂ ಅದೇ ಅರ್ಥ: ಗಾಲಿ ನಿಂತಿದೆ, ಕಾಕಾ ಇಲ್ಲ. ಆ ಕಾಲುವೆಯ ಎರಡು ತುದಿಯ ಜನರೂ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದು ಅದೊಂದೇ ಸಂಜೆ.

“ಹೋಗಿ ನೋಡಬೇಕಂತ ನಿಮ್ಮಾಗ ಒಬ್ಬರಿಗೂ ಅನಸಲಿಲ್ಲೇನು?” ಎಂದೆ. 

“ಏನ್ ನೋಡಾಕ ಹೋಗೋದು?” ಅಣ್ಣ ಅಂದ. “ದೀಪನ ಇರಲಿಲ್ಲಲ್ಲ.”

ಅವನು ಮುಗ್ಧವಾಗಿಯೇ ಹೇಳಿದ್ದು. ಅದಕ್ಕೇ ನನಗೆ ತಡೆಯಲಾಗಲಿಲ್ಲ. ಅಣ್ಣನ ಎದುರು ಎಂದೂ ದನಿ ಎತ್ತಿದವನಲ್ಲ ನಾನು, ಅಂದು ಆಸ್ಪತ್ರೆಯ ಅಂಗಳದಲ್ಲಿ ಎಲ್ಲರ ಎದುರು ಬೈದೆ. ನೀವು ಒಂದು ಬಲ್ಬಿಗೆ ಜೀವ ಕೊಟ್ಟಿರಿ, ಅದರ ಹಿಂದೆ ತುಳಿಯುವವನಿಗೆ ಕೊಡಲಿ ಪೆಟ್ಟು ಹಾಕಿದಿರಿ ಎಂದೆ. ಇನ್ನೂ ಏನೇನೋ ಅಂದೆ.  ಒಬ್ಬ ಮುದುಕ ಎದ್ದು ಹೋಗಿ ನನಗೆ ಕುಡಿಯಲು ನೀರು ತಂದುಕೊಟ್ಟ.

ಒಳಗೆ ಹೋದರೆ ಕಾಕಾ ಗೋಡೆ ನೋಡುತ್ತ ಮಲಗಿದ್ದರು. ವಿಭೂತಿ ಇಲ್ಲದ ಹಣೆಯನ್ನು ನಾನು ನೋಡಿದ್ದು ಅದೇ ಮೊದಲು. ಅವರನ್ನು ಬೈಯಬಾರದೆಂದುಕೊಂಡೇ ಒಳಗೆ ಹೋಗಿದ್ದೆ, ಆದರೆ ಬಾಯಿ ಕೇಳಲಿಲ್ಲ. ಆ ಡಬ್ಬಿ ತೆಗೆಸದೆ ಇದ್ದಿದ್ದರೆ, ನೀವು ಬಿದ್ದ ಮೇಲೂ ದೀಪ ಅಲ್ಲೇ ಉರಿಯುತ್ತಿತ್ತು, ಒಂದೇ ಕಡೆ ನಿಂತ ದೀಪ ನೋಡಿ ಯಾರಾದರೂ ಬರುತ್ತಿದ್ದರು ಎಂದೆ. ಬರುತ್ತಿದ್ದರೋ ಇಲ್ಲವೋ ದೇವರೇ ಬಲ್ಲ. ನನಗೆ ಹಾಗೆ ಹೇಳಬೇಕಿತ್ತು.  ಅವರು ತಾವು ಕೂಗಿದ್ದನ್ನು, ಕೂಗಿ ಕೂಗಿ ಗಂಟಲು ಬಿದ್ದುಹೋದದ್ದನ್ನು ಮೊದಲು ಹೇಳಿದರು. ಕೆಳಗಿನವರು ತಮ್ಮನ್ನು ಬೈದದ್ದು ಅವರಿಗೆ ಆಗಲೇ ಯಾರೋ ಮುಟ್ಟಿಸಿದ್ದರು.

“ಇಷ್ಟು ವರ್ಷ ಅವ್ರು ದೀಪ ನೋಡ್ಯಾರ ತಮ್ಮಾ” ಅಂದರು. “ನನ್ನ ಯಾರೂ ನೋಡಿಲ್ಲ.”

ನಾನು ಚೀಲದಲ್ಲಿದ್ದ ಹೊಸ ಡೈನಮೋವನ್ನು ಹೊರಗೆ ತೆಗೆಯಲಿಲ್ಲ.

ಆಮೇಲೆ ಅವರು ಸೈಕಲ್ ಹತ್ತಲಿಲ್ಲ. ಮನೆಯ ಪಡಸಾಲೆಯಲ್ಲಿ ಹೊರಸಿನ ಮೇಲೆ ಮಲಗಿರುತ್ತಿದ್ದರು. ಕೆಳಗಿನವರು ಸರದಿಯ ಮೇಲೆ ಬಂದು ಹೋಗುತ್ತಿದ್ದರು. ಹಣ್ಣು ತರುತ್ತಿದ್ದರು, ಹೊಸ ಅಕ್ಕಿ ತಂದು ಸುರಿದರು, ಅನ್ನ ಉಣ್ಣದ ಮನೆಯಲ್ಲಿ. ಅಣ್ಣ ಹೋದಾಗಲೆಲ್ಲ ಹೊಸ್ತಿಲ ಹೊರಗೇ ಕೂರುತ್ತಿದ್ದ. ಕಾಕಾ ಯಾರಿಗೂ ಕಟುವಾಗಿ ಮಾತಾಡಲಿಲ್ಲ. ಕುಂದರ್ರಿ, ಚಾ ಕುಡೀರಿ ಅನ್ನುತ್ತಿದ್ದರು. ಆದರೆ ನೀರಿನ ಮಾತು ತೆಗೆದರೆ ಮುಖ ಆಚೆ ಮಾಡುತ್ತಿದ್ದರು. ಕಾಲುವೆಯ ಸುದ್ದಿ ಹೇಳಿದರೆ ಹುರುಪು ಬರಬಹುದೆಂದು ನಾನು ಹೋದಾಗಲೆಲ್ಲ ಹೇಳುತ್ತಿದ್ದೆ: ಡ್ಯಾಮಿನಲ್ಲಿ ಇಷ್ಟು ನೀರು ಉಳಿದಿದೆಯಂತೆ, ಇಂಥವರು ತೂಬು ಒಡೆದರು, ನೀರಾವರಿ ಸಾಹೇಬರು ಬಂದಿದ್ದರು. ಅವರು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ನನಗೆ ಅದು ಎಲ್ಲಕ್ಕಿಂತ ಹೆಚ್ಚು ಕಷ್ಟವಾಯಿತು. ಆ ಬೂದಿಯ ಜಗಳ, ಹಳೆಯದರಷ್ಟು ಬೆಳಕಿಲ್ಲ ಎಂಬ ರಗಳೆ, ಅದರಲ್ಲಿ ಒಂದಾದರೂ ತೆಗೆಯಲಿ ಎಂದು ಕಾಯುತ್ತಿದ್ದೆ. ಅಂಗಡಿಗೆ ಬಂದು ತಲೆ ತಿನ್ನುವ ಮನುಷ್ಯ ಎಲ್ಲೋ ಹೋಗಿಬಿಟ್ಟಿದ್ದರು.

ಮುಂಗಾರು ಹಿಡಿದು, ಕಾಲುವೆಗೆ ನೀರು ಬಿಡುವ ಮುಂಚೆಯೇ ಅವರು ತೀರಿಕೊಂಡರು. ಕೆಳಭಾಗದ ಊರಿಗೆ ಊರೇ ಬಂದಿತ್ತು. ಹೆಣ ಕೂರಿಸಿದ ವಿಮಾನಕ್ಕೆ ಹೆಗಲು ಕೊಡಲು ನಾ ಮುಂದೆ ತಾ ಮುಂದೆ ಎಂದು ನೂಕಾಡಿದರು. ಅಣ್ಣ ಚಿಕ್ಕ ಮಕ್ಕಳ ಹಾಗೆ ಅತ್ತ. ನಾನು ಅಳಲಿಲ್ಲ. ಇಷ್ಟು ಹೆಗಲುಗಳಲ್ಲಿ ಒಂದು, ಒಂದೇ ಒಂದು, ಅಂದು ಸಂಜೆ ಎದ್ದು ಏರಿಯ ಕಡೆ ನಡೆದಿದ್ದರೆ ಎಂದು ಲೆಕ್ಕ ಹಾಕುತ್ತ ನಡೆದೆ. ಮಣ್ಣು ಕೊಟ್ಟು ಬಂದ ಮೇಲೂ ನನ್ನ ಸಿಟ್ಟು ಇಳಿಯಲಿಲ್ಲ. ಅದರಲ್ಲಿ ಕಾಕಾನ ಪಾಲೂ ಇದೆ. ಬೆಳಕು ಕೊಡುತ್ತೇನೆ ಎಂದರೆ ಬೇಡ ಎಂದ ಮನುಷ್ಯನ ಮೇಲೆ ಸಿಟ್ಟು ಬರದೆ ಇನ್ನೇನು? ಆದರೆ ನಮ್ಮ ಮನೆಯ ಮಡಕೆಯಲ್ಲಿ ವರ್ಷ ವರ್ಷ ಬೆಂದ ಅನ್ನ ಅವರು ಸೈಕಲ್ ತುಳಿದು ಉಳಿಸಿದ ನೀರಿನದು. ನನ್ನ ಮಕ್ಕಳು ಅದನ್ನೇ ಉಂಡು ಬೆಳೆದರು. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಬದುಕುವುದು ಹೇಗೆಂದು ನನಗಿನ್ನೂ ತಿಳಿದಿಲ್ಲ.

ಈಗ ಹೊಸ ಗ್ಯಾಂಗ್‌ಮನ್ ಬಂದಿದ್ದಾನೆ. ಪ್ರಾಯದವನು, ಮೋಟಾರ್ ಸೈಕಲ್ ಇದೆ. ತೂಬು ಮುಚ್ಚಿದ ಫೋಟೋ ತೆಗೆದು ಮೊಬೈಲಿನ ಗುಂಪಿಗೆ ಹಾಕುತ್ತಾನೆ, ಕೆಳಗಿನವರು ಮನೆಯಲ್ಲೇ ಕೂತು ನೋಡುತ್ತಾರೆ. ಬದುವಿನ ಮೇಲೆ ಯಾರೂ ಕೂರುವುದಿಲ್ಲ. ನಾನು ಮಾತ್ರ ಪಾಳಿಯ ದಿನ ಅಂಗಡಿ ಬೇಗ ಮುಚ್ಚಿ ಗದ್ದೆಗೆ ಹೋಗುತ್ತೇನೆ. ಏರಿಯ ಮೇಲೆ ಯಾವ ಬೆಳಕು ನಿಂತರೂ, ಯಾವ ಬೆಳಕು ಆರಿದರೂ, ಎದ್ದು ಅಲ್ಲಿಗೆ ಹೋಗಿ ನೋಡುತ್ತೇನೆ. ಹತ್ತು ಸಲ ಹೋದರೆ ಹತ್ತೂ ಸಲ ಏನೂ ಆಗಿರುವುದಿಲ್ಲ. ಯಾರೋ ಮೂತ್ರಕ್ಕೆ ನಿಂತಿರುತ್ತಾರೆ, ಯಾರೋ ಬೀಡಿ ಹಚ್ಚುತ್ತಿರುತ್ತಾರೆ. ಹುಚ್ಚು ಹಿಡಿದಿದೆ ಎಂದು ಅಣ್ಣ ಅನ್ನುವುದಿಲ್ಲ, ಅವನ ಹೆಂಡತಿ ಅನ್ನುತ್ತಾಳೆ.

ಕಳೆದ ವಾರ ಹೊತ್ತು ಮುಳುಗಿದ ಸ್ವಲ್ಪ ಹೊತ್ತಿಗೆ, ಎಮ್ಮೆ ಇಳಿಯುವ ತಿರುವಿಗಿಂತ ಈಚೆಗೆ, ಮೋಟಾರ್ ಸೈಕಲ್ಲಿನ ದೀಪ ಆರಿತು. ಕಾದೆ, ಹತ್ತಲಿಲ್ಲ. ಕೊರಕಲಿನಲ್ಲಿ ಎಡವುತ್ತ ಓಡಿದೆ. ಹೋಗಿ ನೋಡಿದರೆ ಹುಡುಗ ಗಾಡಿಯ ಮೇಲೆ ಅಡ್ಡ ಕೂತು ಫೋನಿನಲ್ಲಿ ಮಾತಾಡುತ್ತಿದ್ದ. ನನ್ನನ್ನು ಕಂಡು ಫೋನು ಇಳಿಸಿದ. ಏದುಸಿರು ಬಿಡುತ್ತ ನಿಂತ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ.

“ಯಾಕ್ರೀ ಅಣ್ಣಾರ, ನನ್ನ ಮ್ಯಾಲ ಭರೋಸಾ ಇಲ್ಲೇನ್ರಿ?”

“ಭರೋಸಾದ ಮಾತಲ್ಲಪಾ. ದೀಪ ಆರಿತ್ತು, ಬಿದ್ದಿಯೇನೋ ಅಂತ ಬಂದೆ.”

ಅವನು ನಂಬಲಿಲ್ಲ. ಕಾವಲು ಮಾಡಲು ಬಂದಿದ್ದೇನೆ ಎಂದುಕೊಂಡು ಗಾಡಿ ಚಾಲೂ ಮಾಡಿ, ಬೇಕೆಂದೇ ದೀಪವನ್ನು ನನ್ನ ಮುಖಕ್ಕೆ ಬಿಟ್ಟು ಹೊರಟ. ನಾನು ಬದಿಗೆ ಸರಿದು ನಿಂತೆ. ಮುಂದಿನ ಪಾಳಿಗೂ ಹೋಗುತ್ತೇನೆ, ಅವನು ಏನು ಬೇಕಾದರೂ ತಿಳಿದುಕೊಳ್ಳಲಿ.